ಕಸದಿಂದ ರಸವೋ, ರಸದಿಂದ ಕಸವೋ?

ಸಂಪಾದಕರಿಗೆ,
ಮಾನ್ಯರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬರುವ ಕರಕುಶಲ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ ಮತ್ತು ಅದರಲ್ಲಿ ಹೇಳಿದ್ದನ್ನು ರಾತ್ರಿ ಊಟ ಮುಗಿದು ಮೇಜು ಖಾಲಿಯಾದ ಮೇಲೆ ಮಾಡಿಯೂ ನೋಡುತ್ತೇನೆ. ಈ ಪತ್ರ ಬರೆಯುವುದಕ್ಕೆ ನನಗೆ ಏನಾದರೂ ಅರ್ಹತೆಯಿದ್ದರೆ, ಅದು ಹೀಗೆ ಮಾಡಿ ನೋಡಿ ಸಾಕಷ್ಟು ಸಾಮಾನು ಕೆಡಿಸಿದ್ದರಿಂದ ಬಂದದ್ದು. ನನ್ನ ದೂರು ಇಷ್ಟೇ: ಅಂಕಣದಲ್ಲಿ ಸಿದ್ಧವಸ್ತುವಿನ ಚೆಂದದ ಚಿತ್ರ ಇರುತ್ತದೆ, ‘ಅಂಟಿಸಿ, ಒಣಗಿಸಿ, ಅಲಂಕರಿಸಿ’ ಎಂಬ ಮೂರು ಮಾತಿರುತ್ತವೆ, ಆದರೆ ಅಳತೆ ಇರುವುದಿಲ್ಲ, ಯಾವ ಅಂಟು ಎಂಬುದಿರುವುದಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಿರುವುದಿಲ್ಲ, ಎಲ್ಲಿ ಕೈ ತಪ್ಪುತ್ತದೆ ಎಂಬುದಂತೂ ಇರುವುದೇ ಇಲ್ಲ. ಪಟ್ಟಣದ ಸಣ್ಣ ಮನೆಯಲ್ಲಿ, ಸಿಕ್ಕ ಒಂದು ಗಂಟೆಯ ಬಿಡುವಿನಲ್ಲಿ ಏನನ್ನಾದರೂ ಕೈಯಾರೆ ಮಾಡಬೇಕೆನ್ನುವವರಿಗೆ ಬೇಕಾದದ್ದು ಹೀಗೆ ಬಿಟ್ಟುಹೋಗಿರುವ ಈ ವಿವರಗಳೇ.

ಮೊದಲಿಗೆ ‘ಕಸದಿಂದ ರಸ’ ಎಂಬ ಶೀರ್ಷಿಕೆಯ ವಿಚಾರ. ಈಚೆಗೆ ಅದರ ಅಡಿಯಲ್ಲಿ ಬಂದ ಗಾಜಿನ ಬಾಟಲಿಯ ಅಲಂಕಾರವನ್ನೇ ತೆಗೆದುಕೊಳ್ಳೋಣ. ಬಾಟಲಿಗೆ ಮೊದಲು ಬಣ್ಣ, ಬಣ್ಣದ ಮೇಲೆ ಸುತ್ತಿದ ದಾರ, ದಾರದ ಮೇಲೆ ಗ್ಲೂ ಗನ್ನಿನಿಂದ ಅಂಟಿಸಿದ ಕನ್ನಡಿ ಚೂರು, ಕೊನೆಗೆ ಎಲ್ಲದರ ಮೇಲೆ ಉದುರಿಸಿದ ಮಿನುಗುಪುಡಿ. ಗಾಜು ಎಷ್ಟು ಸಲ ಕರಗಿಸಿದರೂ ಗುಣ ಕಳೆದುಕೊಳ್ಳದೆ ಮತ್ತೆ ಗಾಜಾಗಬಲ್ಲ ಅಪರೂಪದ ವಸ್ತು. ತೊಳೆದಿಟ್ಟ ಖಾಲಿ ಬಾಟಲಿ ಕುಲುಮೆಗೆ ಮರಳಬಹುದಿತ್ತು, ಇಲ್ಲವೇ ಇದ್ದ ಹಾಗೆಯೇ ನೀರು ತುಂಬಿಡಲು ಒದಗಬಹುದಿತ್ತು. ಈ ಸಿಂಗಾರವಾದ ಮೇಲೆ ಅದು ಎರಡಕ್ಕೂ ಬಾರದು. ಕಪಾಟಿನ ಮೇಲೆ ಒಂದಷ್ಟು ಕಾಲ ಧೂಳು ಕುಡಿದು, ಬಿಸಿಲು ತಾಗಿದ ಕಡೆ ಅಂಟು ಮೆತ್ತಗಾಗಿ ಕನ್ನಡಿ ಚೂರುಗಳು ಒಂದೊಂದಾಗಿ ಉದುರಿ, ಕಡೆಗೆ ಯಾರೂ ಬೇರ್ಪಡಿಸಲಾಗದ ಕಸವಾಗಿ ಹೋಗುತ್ತದೆ. ಮಿನುಗುಪುಡಿಯೆಂದರೆ ಬಹುಪಾಲು ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯ ಚೂರು. ಯೂರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಿಂದ ಸಡಿಲವಾಗಿ ಮಾರುವ ಪ್ಲಾಸ್ಟಿಕ್ ಮಿನುಗುಪುಡಿಯನ್ನು ಸೂಕ್ಷ್ಮ ಪ್ಲಾಸ್ಟಿಕ್ಕಿನ ನಿಯಮದಡಿ ತಡೆದಿದೆ. ಅಂದರೆ ಒಂದು ಒಳ್ಳೆಯ ಬಾಟಲಿಯನ್ನು ಹಾಳುಮಾಡಲು ನಾವು ನಾಲ್ಕು ಹೊಸ ಸಾಮಾನು ಕೊಂಡಂತಾಯಿತು. ಇದಕ್ಕೆ ರಸದಿಂದ ಕಸ ಎಂದು ಹೆಸರಿಟ್ಟರೆ ಹೆಚ್ಚು ಒಪ್ಪುತ್ತದೆ.

ಹಾಗೆಂದು ಹಳೆಯ ಸಾಮಾನಿನಿಂದ ಏನನ್ನೂ ಮಾಡಬಾರದೆಂದು ನಾನು ಹೇಳುತ್ತಿಲ್ಲ. ನನ್ನ ಅನುಭವದ ಒಂದು ಪ್ರಸಂಗವನ್ನು ತುಸು ವಿವರವಾಗಿ ಹೇಳಿದರೆ ನನ್ನ ಇಂಗಿತ ತಮಗೆ ಸ್ಪಷ್ಟವಾದೀತು.

ಒಂದು ಮಗ್ಗುಲು ಮಾತ್ರ ಮುದ್ರಣವಾಗಿರುವ ಎ4 ಹಾಳೆಗಳು ನಮ್ಮ ಮನೆಯಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತವೆ. ಅವುಗಳಿಂದ ಟಿಪ್ಪಣಿ ಪುಸ್ತಕ ಮಾಡಬೇಕೆಂದು ಹೊರಟು, ಅಂಕಣದಲ್ಲಿ ಹೇಳಿದ್ದಂತೆ ಹಾಳೆಗಳನ್ನು ಅಡ್ಡಲಾಗಿ ಮಡಿಸಿ, ನಡುವೆ ಹೊಲಿದು, ರಟ್ಟಿಗೆ ಬಣ್ಣದ ಕಾಗದ ಅಂಟಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಒಣಗಿದ ಎಲೆಯ ಹಾಗೆ ಮೇಲಕ್ಕೆ ಸೊಟ್ಟಗಾಗಿತ್ತು. ಮೇಲೆ ಹೇರಿದ ದಪ್ಪ ಪುಸ್ತಕಗಳನ್ನು ತೆಗೆದೊಡನೆ ಅದು ಮತ್ತೆ ಬಾಗುತ್ತಿತ್ತು. ಒಳಪುಟಗಳೋ, ಎಷ್ಟು ಒತ್ತಿದರೂ ಮಲಗಲೊಲ್ಲದೆ ನೆಟ್ಟಗೆ ನಿಲ್ಲುತ್ತಿದ್ದವು. ಅಂಟು ಹೆಚ್ಚಾಯಿತೇನೋ ಎಂದುಕೊಂಡು ಇನ್ನೊಂದು ಮಾಡಿದೆ. ಅದೂ ಹಾಗೆಯೇ ಆಯಿತು. ಮೂರನೆಯದೂ ಕೆಟ್ಟ ಮೇಲೆ, ಹಳೆಯ ಬೈಂಡಿಂಗ್ ಕೆಲಸ ಬಲ್ಲ ಹಿರಿಯರೊಬ್ಬರು ಹಾಳೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಮೆಲ್ಲಗೆ ಬಾಗಿಸಿ, ‘ಇದರ ನಾರು ಯಾವ ಕಡೆ ಓಡಿದೆ ನೋಡಿದಿರಾ?’ ಎಂದು ಕೇಳಿದರು. ನಾನು ನೋಡಿರಲಿಲ್ಲ. ಕಾಗದಕ್ಕೆ ನಾರಿನ ಓಟವೊಂದು ಇರುತ್ತದೆಂದೇ ನನಗೆ ತಿಳಿದಿರಲಿಲ್ಲ.

ಯಂತ್ರದಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಸಾಲುಗೂಡುತ್ತವೆ. ನಾರು ತೇವ ಹೀರಿದಾಗ ದಪ್ಪವಾಗುತ್ತದೆಯೇ ಹೊರತು ಉದ್ದವಾಗುವುದು ತೀರ ಕಡಿಮೆ. ಆದುದರಿಂದ ಒದ್ದೆಯಾದ ಕಾಗದ ನಾರಿಗೆ ಅಡ್ಡದಿಕ್ಕಿನಲ್ಲಿ ಹಿಗ್ಗಿ, ಒಣಗುವಾಗ ಅದೇ ದಿಕ್ಕಿನಲ್ಲಿ ಕುಗ್ಗಿ, ತಾನು ಅಂಟಿಕೊಂಡ ರಟ್ಟನ್ನು ಎಳೆಯುತ್ತದೆ. ರಟ್ಟಿನ ನಾರೂ ಹೊದಿಕೆಯ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ರಟ್ಟಿನ ಒಳಮಗ್ಗುಲಿಗೂ ಒಂದು ಕಾಗದ ಅಂಟಿಸಿ ಎಳೆತವನ್ನು ಸರಿದೂಗಿಸಬೇಕು ಎಂಬುದು ಬೈಂಡಿಂಗ್ ಮಾಡುವವರ ಮೊದಲ ಪಾಠ. ಯಾವ ದಿಕ್ಕಿಗೆ ಬಾಗಿಸಿದರೆ ಕಾಗದ ಕಡಿಮೆ ಸೆಣಸುತ್ತದೆಯೋ, ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಈ ಒಂದು ಮಾತು ಅಂಕಣದಲ್ಲಿ ಇದ್ದಿದ್ದರೆ ನನ್ನ ಮೂರು ರಾತ್ರಿ ಉಳಿಯುತ್ತಿತ್ತು.

ಇದರಿಂದ ಮುಂದೆ ಒದಗಿದ್ದು ಇನ್ನೂ ಸ್ವಾರಸ್ಯದ ಸಂಗತಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅರ್ಧಕ್ಕೆ ಮಡಿಸಿದರೂ ಉದ್ದಗಲಗಳ ಅನುಪಾತ ಬದಲಾಗದಿರುವಂತೆ ಲೆಕ್ಕಹಾಕಿದ ಈ ಅಳತೆಯನ್ನು ಜರ್ಮನಿ 1922ರಲ್ಲಿ ತನ್ನ ಮಾನಕವಾಗಿಸಿತು, ಈಗ ಪ್ರಪಂಚದ ಬಹುಭಾಗ ಅದನ್ನೇ ಬಳಸುತ್ತದೆ. ಆ ಜಾಣ ಲೆಕ್ಕವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅರ್ಧ ಮಾಡುವುದೆಂದರೆ ಅಡ್ಡಕ್ಕೆ ಮಡಿಸುವುದು ಎಂದೇ ಕೈಗೆ ರೂಢಿಯಾಗಿಬಿಟ್ಟಿದೆ. ಆದರೆ ಕಚೇರಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡಿರುತ್ತದೆ; ಅಡ್ಡಕ್ಕೆ ಮಡಿಸಿದರೆ ನಾರುಗಳನ್ನೇ ಮುರಿದಂತೆ. ಅದನ್ನು ಉದ್ದುದ್ದಕ್ಕೆ, ಮುದ್ರಣವಾದ ಮಗ್ಗುಲು ಒಳಗಾಗುವಂತೆ ಮಡಿಸಿದರೆ 105 ಮಿಲಿಮೀಟರ್ ಅಗಲದ, ಎತ್ತರವಾದ, ಕಿರಿದಾದ ಪುಟ ಸಿಗುತ್ತದೆ, ಮಡಿಕೆ ಚಾಕುವಿನ ಅಲಗಿನಷ್ಟು ನೇರವಾಗಿ ಕೂಡುತ್ತದೆ. ಮಡಿಕೆಯನ್ನು ಹೊರಗಡೆಗೂ ಬಿಡಿ ಅಂಚುಗಳನ್ನು ಬೆನ್ನಿನ ಕಡೆಗೂ ಇಟ್ಟು ಹೊಲಿದರೆ, ಮುದ್ರಿತ ಭಾಗ ಚೀಲದೊಳಗೆ ಸೇರಿದಂತೆ ಮರೆಯಾಗಿ, ಖಾಲಿ ಮಗ್ಗುಲುಗಳು ಮಾತ್ರ ಬರೆಯಲು ಸಿಗುತ್ತವೆ. ಇದು ನನ್ನ ಶೋಧವೇನಲ್ಲ. ಚೀನಾ, ಜಪಾನುಗಳಲ್ಲಿ ಮರದಚ್ಚಿನಿಂದ ತೆಳುಕಾಗದದ ಒಂದೇ ಮಗ್ಗುಲಿಗೆ ಮುದ್ರಿಸುತ್ತಿದ್ದ ಶತಮಾನಗಳಲ್ಲಿ ಪುಸ್ತಕಗಳನ್ನು ಹೀಗೆಯೇ ಮಡಿಕೆ ಹೊರಗಿಟ್ಟು ಹೊಲಿಯುತ್ತಿದ್ದರು. ಅವರು ಮುದ್ರಣವನ್ನು ಹೊರಗಿಟ್ಟರು, ನಾವು ಒಳಗಿಡುತ್ತೇವೆ. ಒಂದು ಎಚ್ಚರಿಕೆ: ಮರೆಯಾದ ಮಗ್ಗುಲಿನಲ್ಲಿ ಇನ್ನೊಬ್ಬರ ಗುಟ್ಟಿನ ಕಾಗದಪತ್ರವೇನಾದರೂ ಇದೆಯೇ ಎಂದು ಹೊಲಿಯುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು.

ಅಳತೆಗಳನ್ನೂ ಹೇಳಿಬಿಡುತ್ತೇನೆ, ಅಳತೆ ಕೊಡಲಿಲ್ಲವೆಂದು ದೂರುವವರು ತಾವೂ ಕೊಡದಿದ್ದರೆ ಹೇಗೆ? ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಎ4 ಹಾಳೆಯೊಂದು 5 ಗ್ರಾಂ ತೂಗುತ್ತದೆ. 40 ಹಾಳೆ ಮಡಿಸಿದರೆ ಬರೆಯಲು 80 ಪುಟ, ಸುಮಾರು 8 ಮಿಲಿಮೀಟರ್ ದಪ್ಪ, 200 ಗ್ರಾಂ ತೂಕದ ಪುಸ್ತಕವಾಗುತ್ತದೆ. ಬೆನ್ನಿನ ಅಂಚಿನಿಂದ 12 ಮಿಲಿಮೀಟರ್ ಒಳಗೆ ಗೆರೆ ಎಳೆದು, ಮೇಲಂಚಿನಿಂದ 21, 72, 123, 174, 225 ಮತ್ತು 276 ಮಿಲಿಮೀಟರಿಗೆ ಆರು ತೂತು. ಎಂಟು ಮಿಲಿಮೀಟರ್ ಕಾಗದವನ್ನು ಒಂದೇ ಏಟಿಗೆ ಚುಚ್ಚಲು ಹೋದರೆ ದಬ್ಬಳ ವಾಲಿ ಹಿಂಬದಿಯ ತೂತುಗಳು ದಿಕ್ಕೆಡುತ್ತವೆ. ರಟ್ಟಿನ ಪಟ್ಟಿಯೊಂದರ ಮೇಲೆ ತೂತುಗಳನ್ನು ಗುರುತಿಸಿಕೊಂಡು, ಹತ್ತು ಹತ್ತು ಹಾಳೆಯಂತೆ ಚುಚ್ಚುವುದು ಲೇಸು. ದಾರ ಬೆನ್ನಿನ ಉದ್ದದ ಐದು ಪಟ್ಟು, ಅಂದರೆ ಒಂದೂವರೆ ಮೀಟರು ಇದ್ದರೆ ನಡುವೆ ಗಂಟು ಹಾಕುವ ಪ್ರಮೇಯ ಬಾರದು. ಹೀಗೆ ಹೊಲಿದ ಪುಸ್ತಕ ಪೂರ್ತಿ ಅಗಲವಾಗಿ ತೆರೆದುಕೊಳ್ಳುವುದಿಲ್ಲ. ಅದು ಈ ಬಗೆಯ ಹೊಲಿಗೆಯ ಕೊರತೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಉದ್ದನೆಯ ಪಟ್ಟಿಗಳನ್ನು, ದಿನದ ಕೆಲಸಗಳನ್ನು, ಲೆಕ್ಕವನ್ನು ಬರೆಯುವುದಕ್ಕೆ ಆ ನೀಳ ಪುಟ ಎಷ್ಟು ಒಗ್ಗುತ್ತದೆಂದರೆ, ನಾನು ಅಂಗಡಿಯ ಪುಸ್ತಕ ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಪುಸ್ತಕದ ಆಕಾರವನ್ನು ನಾನು ತೀರ್ಮಾನಿಸಲಿಲ್ಲ, ಕಾಗದದ ನಾರು ತೀರ್ಮಾನಿಸಿತು. ವಿನ್ಯಾಸವೆಂದರೆ ಮೇಲಿನಿಂದ ಅಂಟಿಸುವ ಸಿಂಗಾರ ಎಂದುಕೊಂಡಿದ್ದ ನನಗೆ ಅದು ಒಳಗಿನಿಂದ ಬರುತ್ತದೆಂದು ಗೊತ್ತಾದದ್ದು ಅಂದು.

ಇಂಥ ಕೆಲಸಗಳ ಉಪಕರಣಗಳೂ ಹೆಚ್ಚಿನಂಶ ಹೀಗೆಯೇ ಹುಟ್ಟಿದವು. ಇಂದು ಎಲ್ಲ ಮನೆಗಳಲ್ಲೂ ಇರುವ, ತುದಿ ಮೊಂಡಾದರೆ ಮುರಿದು ಹೊಸ ತುದಿ ಹೊರತರುವ ಕಟರನ್ನು 1956ರಲ್ಲಿ ಜಪಾನಿನ ಒಸಾಕಾದಲ್ಲಿ ರೂಪಿಸಿದವರು ಒಕಾಡಾ ಯೋಶಿಯೋ. ಅವರು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸದಲ್ಲಿದ್ದವರು. ಅಲಗಿನ ತುದಿ ಮಾತ್ರ ಸವೆದು ಉಳಿದದ್ದೆಲ್ಲ ವ್ಯರ್ಥವಾಗುವುದನ್ನು ನೋಡಿ ಬೇಸತ್ತಿದ್ದ ಅವರಿಗೆ, ಗಾಜಿನ ಚೂರಿನಿಂದ ಚರ್ಮ ಹೆರೆಯುತ್ತ, ಅದು ಮೊಂಡಾದಾಗ ಮತ್ತೊಮ್ಮೆ ಒಡೆದು ಹೊಸ ಅಂಚು ಪಡೆಯುತ್ತಿದ್ದ ಚಮ್ಮಾರರೂ, ಗೆರೆಯಿದ್ದಲ್ಲಿ ಮುರಿಯುವ ಚಾಕಲೇಟ್ ಹಲಗೆಯೂ ನೆನಪಾದವು. ಆ ಕಟರನ್ನು ಹಿಡಿಯುವುದು ಹೇಗೆಂದು ಮಾತ್ರ ನಮ್ಮ ಅಂಕಣಗಳು ಹೇಳುವುದಿಲ್ಲ. ರಟ್ಟನ್ನು ಒಂದೇ ಸಲ ಒತ್ತಿ ಕತ್ತರಿಸಬಾರದು. ಉಕ್ಕಿನ ಪಟ್ಟಿಯಾನಿಸಿ ಹಗುರವಾಗಿ ಐದಾರು ಸಲ ಎಳೆಯಬೇಕು, ಪಟ್ಟಿ ಹಿಡಿದ ಬೆರಳು ಅಂಚಿನಿಂದ ಹಿಂದಕ್ಕಿರಬೇಕು. ನನ್ನ ಎಡಗೈಯ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಚಪ್ಪಟೆ ಜಾಗವಿದೆ. ಅದು ನನಗೆ ಈ ಪಾಠ ಹೇಳಿಕೊಟ್ಟಿತು.

ಮನೆಯ ವಿಚಾರವನ್ನೂ ಅಂಕಣ ಮರೆತಂತಿದೆ. ಕೆಳಮಹಡಿಯಲ್ಲಿ ಮಲಗಿದವರಿರುವಾಗ ಸುತ್ತಿಗೆ ಎತ್ತುವಂತಿಲ್ಲ. ಬೆಳಗಾಗುವುದರೊಳಗೆ ಮೇಜು ಮತ್ತೆ ಊಟದ ಮೇಜಾಗಬೇಕು. ಬಣ್ಣದ ವಾಸನೆ ಹೋಗಲು ಇರುವುದು ಒಂದೇ ಕಿಟಕಿ. ‘ಮರದ ತುಂಡನ್ನು ನಯವಾಗುವವರೆಗೆ ಉಜ್ಜಿ’ ಎಂದು ಬರೆಯುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ 1995ರಲ್ಲಿಯೇ ಸೇರಿಸಿದೆ. ಒಮ್ಮೆ ಉಜ್ಜಿದ ಮಾತ್ರಕ್ಕೆ ಯಾರಿಗೂ ರೋಗ ಬರುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ, ಆದರೆ ಮಕ್ಕಳು ಮಲಗುವ ಕೋಣೆಯಲ್ಲಿ ಆ ಹುಡಿ ಹಾರಬಾರದು, ಉಜ್ಜುಕಾಗದವನ್ನು ಸಾಧ್ಯವಿದ್ದಲ್ಲಿ ಒದ್ದೆ ಮಾಡಿಕೊಂಡು ಉಜ್ಜಬೇಕು, ಮೂಗಿಗೆ ಮಾಸ್ಕ್ ಇರಬೇಕು ಎಂಬ ಒಂದು ಸಾಲು ಸೇರಿಸಿದರೆ ಪುಟವೇನೂ ಸಾಲದೆ ಹೋಗದು.

ಪತ್ರಿಕೆಯಲ್ಲಿ ಅಷ್ಟೆಲ್ಲ ಜಾಗ ಎಲ್ಲಿದೆ ಎಂದು ತಾವು ಕೇಳಬಹುದು. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ ಮಾಡಿದ್ದನ್ನು ಇಲ್ಲಿ ನೆನೆಯಬೇಕು. ಗರಗಸದಿಂದ ಕೊಯ್ದ ಸಾದಾ ಹಲಗೆ, ಮೊಳೆ, ಸುತ್ತಿಗೆ ಇಷ್ಟರಿಂದಲೇ ಯಾರು ಬೇಕಾದರೂ ಕೂಡಿಸಬಹುದಾದ ಮೇಜು, ಕುರ್ಚಿ, ಕಪಾಟು, ಮಂಚಗಳ 19 ನಕ್ಷೆಗಳನ್ನು ಅವರು ಸಿದ್ಧಪಡಿಸಿ, ಅಂಚೆವೆಚ್ಚ ಕಳಿಸಿದವರಿಗೆಲ್ಲ ಕೊಟ್ಟರು. ನಕ್ಷೆಯಲ್ಲಿ ಹಲಗೆಗಳ ಅಳತೆ, ಎಣಿಕೆ, ಯಾವುದು ಯಾವುದರ ಮೇಲೆ ಕೂಡಬೇಕೆಂಬ ಗೆರೆ ಇಷ್ಟೇ ಇರುತ್ತಿದ್ದವು. ಒಂದು ಮೇಜನ್ನು ಕೈಯಾರೆ ನಿಲ್ಲಿಸಿದವರಿಗೆ ಅಂಗಡಿಯ ಮೇಜನ್ನು ಅಳೆಯುವ ಕಣ್ಣು ಬರುತ್ತದೆ ಎಂಬುದು ಅವರ ಆಶಯವಾಗಿತ್ತು. ಅಂಥ ಒಂದು ಗೆರೆಚಿತ್ರ ತಮ್ಮ ಬಣ್ಣದ ಚಿತ್ರಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. ಆ ಕಣ್ಣಿನ ವಿಚಾರವಾಗಿ ಅವರು ಹೇಳಿದ್ದು ನಿಜವೆಂದು ನಾನೂ ಸಾಕ್ಷಿ ಹೇಳಬಲ್ಲೆ: ಪುಸ್ತಕ ಹೊಲಿಯಲು ಕಲಿತ ಮೇಲೆ ನಾನು ಕೊಳ್ಳುವ ಯಾವ ಪುಸ್ತಕವನ್ನೂ ಬೆನ್ನು ತಿರುಗಿಸಿ ನೋಡದೆ ಕೊಂಡದ್ದಿಲ್ಲ.

ಕೈಯಾರೆ ಮಾಡಿದ್ದೆಲ್ಲ ಒಳ್ಳೆಯದು ಎಂಬ ಧಾಟಿಯನ್ನೂ ಅಂಕಣ ಬಿಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಸಂಶೋಧಕರು ಲೆಕ್ಕ ಹಾಕಿಯೇ ತೋರಿಸಿದ್ದಾರೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್ ಮತ್ತು ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಗದ ಮಡಿಸಿ ಕೊಕ್ಕರೆ, ಕಪ್ಪೆ ಮಾಡಿದ ಅನನುಭವಿಗಳು ತಮ್ಮ ಸೊಟ್ಟ ಕೊಕ್ಕರೆಗೆ ಹೆಚ್ಚುಕಡಿಮೆ ಪರಿಣತರ ಕೊಕ್ಕರೆಯಷ್ಟೇ ಬೆಲೆ ಕಟ್ಟಿದರು. ನೋಡುತ್ತಿದ್ದ ಬೇರೆಯವರಿಗೆ ಅದು ಬಿಸಾಡುವ ಕಾಗದದಂತೆ ಕಂಡಿತು. ಕೆಲಸ ಅರ್ಧಕ್ಕೇ ನಿಂತರೆ ಈ ಮಮತೆ ಹುಟ್ಟುವುದಿಲ್ಲವೆಂಬುದೂ ಅದೇ ಅಧ್ಯಯನದಲ್ಲಿದೆ, ನನ್ನ ಕಪಾಟಿನ ಕೆಳಗಿರುವ ಅರೆಬರೆ ಸಾಮಾನುಗಳ ಪೆಟ್ಟಿಗೆಯನ್ನು ಕಂಡರೆ ನನಗೇಕೆ ಸಿಡುಕು ಬರುತ್ತದೆ ಎಂಬುದು ಅದನ್ನು ಓದಿದ ಮೇಲೆ ತಿಳಿಯಿತು. ಆದುದರಿಂದ ಮಾಡಿದ್ದನ್ನೆಲ್ಲ ನೆಂಟರಿಷ್ಟರಿಗೆ ಉಡುಗೊರೆಯಾಗಿ ಹಂಚುವ ಮೊದಲು ಸ್ವಲ್ಪ ತಡೆಯುವುದು ಸಭ್ಯತೆ. ಸೊಟ್ಟ ಪುಸ್ತಕಗಳನ್ನು ನಾನೇ ಇಟ್ಟುಕೊಂಡಿದ್ದೇನೆ.

ಇನ್ನು, ಮಾಡಿದ್ದನ್ನು ಕಂಡವರೆಲ್ಲ ಕೇಳುವ ‘ಮಾರುತ್ತೀರಾ?’ ಎಂಬ ಪ್ರಶ್ನೆ. ಪ್ರೀತಿಯಿಂದ ಕೇಳುತ್ತಾರೆ, ಬೇಸರವಿಲ್ಲ. ಆದರೆ ಸಂಬಳದ ಆಸರೆಯಿರುವ ಹವ್ಯಾಸಿಗಳು ತಮ್ಮ ಹೊತ್ತಿಗೆ ಬೆಲೆ ಕಟ್ಟದೆ ಅಗ್ಗಕ್ಕೆ ಮಾರತೊಡಗಿದರೆ, ಅದೇ ಕೆಲಸದಿಂದ ಹೊಟ್ಟೆ ಹೊರೆಯುವವರ ಅನ್ನಕ್ಕೆ ಕಲ್ಲು ಹಾಕಿದಂತೆ. ಒಂದು ಪುಸ್ತಕಕ್ಕೆ ನನಗೆ ಎರಡು ಗಂಟೆ ಹಿಡಿಯುತ್ತದೆ ಎಂದು ಗೊತ್ತಾದ ದಿನದಿಂದ ನಾನು ಕೈಕೆಲಸದವರ ಬಳಿ ಚೌಕಾಸಿ ಮಾಡುವುದನ್ನು ನಿಲ್ಲಿಸಿದ್ದೇನೆ.

ಹೊಸದನ್ನು ಮಾಡುವುದಕ್ಕಿಂತ ಹಳೆಯದನ್ನು ಸರಿಪಡಿಸುವುದಕ್ಕೆ ಅಂಕಣದಲ್ಲಿ ಹೆಚ್ಚು ಜಾಗ ಸಿಗಲಿ ಎಂಬುದು ನನ್ನ ಇನ್ನೊಂದು ಕೋರಿಕೆ. ನೆದರ್‌ಲೆಂಡ್ಸಿನ ಮಾರ್ಟೀನ್ ಪೋಸ್ಟ್ಮಾ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ‘ರಿಪೇರಿ ಕೆಫೆ’ ನಡೆಸಿದರು. ಬಲ್ಲವರು ಒಂದೆಡೆ ಕೂತು, ಕೆಟ್ಟ ಸಾಮಾನು ತಂದವರ ಜೊತೆಯಲ್ಲೇ ಅದನ್ನು ಬಿಚ್ಚಿ ಸರಿಮಾಡುವ ಆ ಕ್ರಮ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿದೆ. ಜೊತೆಯಲ್ಲೇ ಎಂಬ ಮಾತೇ ಅದರ ಜೀವಾಳ, ಸಾಮಾನು ತಂದವರು ಬರಿದೆ ಕಾದು ಕೂರುವುದಿಲ್ಲ. ತಮ್ಮ ಅಂಕಣವೂ ಹಾಗೆ ಓದುಗರ ಪಕ್ಕ ಕೂತು, ಕಿತ್ತುಹೋದ ಚೀಲದ ಹಿಡಿಯನ್ನು ಮತ್ತೆ ಹೊಲಿಯುವಾಗ ಹೊಲಿಗೆ ಚೌಕವಾಗಿ ಬಂದು ನಡುವೆ ಗುಣಾಕಾರದ ಗುರುತು ಏಕೆ ಬೇಕು, ಮೊಣಕೈ ಹರಿದ ಉಣ್ಣೆಯಂಗಿಗೆ ರಫೂ ಹಾಕುವಾಗ ತೂತಿನ ಅಂಚಿನಿಂದ ಒಂದು ಬೆರಳಿನಷ್ಟು ಆಚೆಯಿಂದಲೇ ದಾರ ಏಕೆ ಶುರುವಾಗಬೇಕು ಎಂಬುದನ್ನು ಹೇಳಲಿ. ಮೊದಲನೆಯದರಲ್ಲಿ ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಎರಡನೆಯದರಲ್ಲಿ ತೂತಿನ ಸುತ್ತಲಿನ ಬಟ್ಟೆ ಆಗಲೇ ಸವೆದಿರುವುದರಿಂದ ಗಟ್ಟಿ ಜಾಗದಿಂದ ಆಸರೆ ಪಡೆಯಬೇಕಾಗುತ್ತದೆ. ಕಾರಣ ತಿಳಿದವರು ಮುಂದಿನ ಹರಕನ್ನು ಅಂಕಣ ನೋಡದೆಯೇ ಹೊಲಿಯುತ್ತಾರೆ.

ಮಾನ್ಯರೇ, ಪ್ರಕಟಿಸುವ ಪ್ರತಿಯೊಂದು ಕೆಲಸದ ಜೊತೆ ಬೇಕಾದ ಅಳತೆಯನ್ನೂ, ಹಿಡಿಯುವ ಹೊತ್ತನ್ನೂ, ಬರೆದವರ ಕೈಯಲ್ಲೇ ಒಮ್ಮೆ ಕೆಟ್ಟ ಮಾದರಿಯ ಚಿತ್ರವನ್ನೂ ಕೊಡುವುದಾದರೆ ಸಾಕು. ಸಾಧ್ಯವಿದ್ದರೆ ಆರು ತಿಂಗಳ ಬಳಕೆಯ ನಂತರ ಅದೇ ವಸ್ತು ಹೇಗಿದೆಯೆಂದು ಇನ್ನೊಂದು ಚಿತ್ರ. ಆ ಸಿಂಗರಿಸಿದ ಬಾಟಲಿಯ ಆರು ತಿಂಗಳ ನಂತರದ ಚಿತ್ರವನ್ನು ನೋಡಲು ನಾನು ವಿಶೇಷವಾಗಿ ಕಾದಿದ್ದೇನೆ.

ಈ ಪತ್ರದೊಂದಿಗೆ ಮೇಲೆ ಹೇಳಿದ ಅಳತೆಯ ಒಂದು ಪುಸ್ತಕವನ್ನು ಕಳಿಸಿದ್ದೇನೆ. ಅದರ ನಾಲ್ಕನೆಯ ತೂತು ಗೆರೆಯಿಂದ ಎರಡು ಮಿಲಿಮೀಟರ್ ಸರಿದಿದೆ. ಹತ್ತು ಹಾಳೆ ಚುಚ್ಚುವಲ್ಲಿ ಅವಸರಪಟ್ಟು ಇಪ್ಪತ್ತು ಚುಚ್ಚಿದ್ದರ ಫಲ. ಚಿತ್ರ ತೆಗೆಯುವುದಾದರೆ ಆ ಬೆನ್ನು ಕಾಣುವಂತೆಯೇ ತೆಗೆಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪುರವಣಿಯ ಓದುಗರೊಬ್ಬರು